ನವಸಾಗರ ಎಂಬ ಸಮುದ್ರ

೧೯೮೯ರ ಮಳೆಗಾಲದಲ್ಲಿ ನಾನು ರಾಣೆಬೆನ್ನೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಉಪಸಂಪಾದಕ ಎಂದರೆ ಬೇರೆಯವರು ಬರೆದದ್ದನ್ನು ಕತ್ತರಿಸಿ ಅಂಕಣದ ಅಳತೆಗೆ ಕೂಡಿಸುವವನು. ನನಗೆ ಆ ಕೆಲಸ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯಿತ್ತು. ಊರಿನಲ್ಲಿ ನನ್ನಷ್ಟು ಶುದ್ಧ ಕನ್ನಡ ಬರೆಯುವವರು ಯಾರೂ ಇಲ್ಲ ಎಂಬುದೂ ನನ್ನ ಇನ್ನೊಂದು ನಂಬಿಕೆ. ಎರಡೂ ನಂಬಿಕೆಗಳು ಒಂದೇ ಭಾನುವಾರ ಹೋದವು. ಹೋದದ್ದು ನನಗೆ ಗೊತ್ತಾಗಿದ್ದು ಮಾತ್ರ ಬುಧವಾರ.

ನಮ್ಮ ಭಾನುವಾರದ ಪುರವಣಿ ಎಂದರೆ ಒಂದೇ ಹಾಳೆ. ಅದರ ಎಡಗಡೆ ವಾರಭವಿಷ್ಯ, ಬಲಗಡೆ ವಿಜ್ಞಾನದ ಅಂಕಣ. ಎಡಗಡೆಯ ಶನಿ ಹನ್ನೆರಡು ರಾಶಿಗಳ ಮದುವೆ, ವ್ಯಾಪಾರ, ಮೂಲವ್ಯಾಧಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಬಲಗಡೆಯ ಶನಿಗೆ ಅಂಥ ಕೆಲಸವಿರಲಿಲ್ಲ, ಆದ್ದರಿಂದ ಓದುಗರೂ ಇರಲಿಲ್ಲ. ನಾಲ್ಕು ವರ್ಷ ಆ ಅಂಕಣವನ್ನು ಹಾವೇರಿಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಬರೆದಿದ್ದರು. ಕಾಮನಬಿಲ್ಲಿನ ಮೇಲಿನ ಒಂದೇ ಲೇಖನವನ್ನು ಎರಡು ಮಳೆಗಾಲ ಕಳಿಸಿದರು. ಓದುಗರು ಯಾರೂ ಗುರುತಿಸಲಿಲ್ಲ, ನಾನು ಗುರುತಿಸಿದೆ. ಅಂಕಣ ಅವರ ಕೈತಪ್ಪಿತು. ಈ ಸಾಧನೆಯನ್ನು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ.

ಅವರ ಜಾಗಕ್ಕೆ ಬಂದವರು ಹಲಗೇರಿ ಕಡೆಯ ಒಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಮನೆ ಬ್ಯಾಡಗಿಯಲ್ಲಿ. ಐದು ವರ್ಷದಿಂದ ಹಂಗಾಮಿ. ಅವರ ತಂದೆ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರು. ತಿದಿ, ತವರದ ಕಡ್ಡಿ, ಇದ್ದಿಲಿನ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಬ್ಯಾಡಗಿಯಿಂದ ಕದರಮಂಡಲಗಿಯವರೆಗೆ ಓಣಿ ಓಣಿ ತಿರುಗುತ್ತಿದ್ದರು. ಮಗ ಬಿ.ಎಸ್ಸಿ., ಬಿ.ಎಡ್. ಮಾಡಿ ಮಾಸ್ತರನಾದ ಮೇಲೂ ಊರವರ ಬಾಯಲ್ಲಿ ಅವರು ‘ಕಲಾಯಿ ಮಾಸ್ತರ’. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಬರೆಯುತ್ತಿದ್ದದ್ದು ನನಗಿಂತ ಒಳ್ಳೆಯ ಕನ್ನಡ. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳು ಹಿಡಿದವು.

ಆ ಆಗಸ್ಟಿನಲ್ಲಿ ಒಂದು ಬಾಹ್ಯಾಕಾಶ ನೌಕೆ ನೆಪ್ಚೂನಿನ ಹತ್ತಿರ ಹೋದ ಸುದ್ದಿ ರೇಡಿಯೊದಲ್ಲಿ ದಿನಾ ಬರುತ್ತಿತ್ತು. ನಮ್ಮ ಪತ್ರಿಕೆಯ ಮಾಲೀಕರೇ ಸಂಪಾದಕರೂ ಆಗಿದ್ದರು. ‘ಗ್ರಹದ್ದು ಏನರ ಹಾಕ್ರಿ, ಮಂದಿ ಕೇಳಾಕತ್ತಾರ’ ಅಂದರು. ಯಾವ ಮಂದಿ ಎಂದು ನಾನು ಕೇಳಲಿಲ್ಲ. ಮಾಸ್ತರರಿಗೆ ಹೇಳಿ ಕಳಿಸಿದೆ. ಅವರು ಆರು ಹಾಳೆ ಬರೆದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದರು.

ಆ ಲೇಖನ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಅವರು ಹೇಳಿದ್ದು ಇಷ್ಟು. ಸೂರ್ಯನ ಸುತ್ತ ಗ್ರಹಗಳು ಕಟ್ಟಿಕೊಳ್ಳುವ ಕಾಲದಲ್ಲಿ ಒಂದು ಗಡಿ ಇತ್ತು. ಗಡಿಯ ಈಚೆ ನೀರು ಆವಿ, ಆಚೆ ನೀರು ಹಿಮ. ಆಚೆ ಹಿಮವೂ ಕಲ್ಲಿನಂತೆ ಕಟ್ಟಡದ ಸಾಮಾನು. ಸಾಮಾನು ಹೆಚ್ಚು ಸಿಕ್ಕಿದ್ದರಿಂದಲೇ ಗುರು, ಶನಿ ಅಷ್ಟು ದೊಡ್ಡವಾಗಿ ಬೆಳೆದವು. ಅವುಗಳ ಚಂದ್ರರಲ್ಲಿ ಹಲವರ ಮೈಯೇ ಹಿಮ. ಅಲ್ಲಿಯ ಚಳಿಯಲ್ಲಿ ಹಿಮ ನಮ್ಮ ಕರಿಕಲ್ಲಿನಂತೆ ಗಟ್ಟಿ. ಬೆಟ್ಟ ಅದರದೇ, ಕಣಿವೆ ಅದರದೇ. ಆದರೆ ಶನಿಯ ಒಂದು ಪುಟ್ಟ ಚಂದ್ರನ ಮೈ ಎಷ್ಟೋ ಕಡೆ ಗುಂಡಿಗಳಿಲ್ಲದೆ ಹೊಸದಾಗಿ ಸಾರಿಸಿದ ಅಂಗಳದ ಹಾಗೆ ನುಣುಪಾಗಿದೆ. ಸಾರಿಸಬೇಕಾದರೆ ನೀರು ಬೇಕು. ಅಷ್ಟು ಚಳಿಯಲ್ಲಿ ನೀರು ನೀರಾಗಿ ಉಳಿದದ್ದು ಹೇಗೆ? ಆಮೇಲೆ ಈ ವಾಕ್ಯ:

‘ಆ ಚಂದ್ರನ ಹಿಮದ ಕೆಳಗೆ, ನೀರಿನಲ್ಲಿ ನವಸಾಗರದ ವಾಯು, ಎಂದರೆ ಅಮೋನಿಯ, ಬೆರೆತಿರಬಹುದು, ಬೆರೆತಿದ್ದರೆ ಅಷ್ಟು ಚಳಿಯಲ್ಲೂ ಆ ನೀರು ಹೆಪ್ಪುಗಟ್ಟದೆ ಉಳಿದಿರಬಹುದು.’

ನಾನು ಪೆನ್ನು ತೆಗೆದುಕೊಂಡೆ. ‘ನವಸಾಗರದ ವಾಯು’ ಎಂಬುದು ಕಾವ್ಯದ ಚಪಲ ಎಂದು ತೋರಿತು. ಹಿಮದ ಕೆಳಗೆ ಗಾಳಿ ಎಲ್ಲಿಯದು? ವಾಯುವನ್ನು ಹೊಡೆದು ಹಾಕಿದೆ. ‘ಎಂದರೆ ಅಮೋನಿಯ’ ಅಲ್ಲಿಗೆ ಹೇಗೆ ಬಂತೋ ತಿಳಿಯಲಿಲ್ಲ, ಅದನ್ನೂ ಹೊಡೆದೆ. ಉಳಿದದ್ದು ಎರಡು ‘ಬಹುದು’. ಮಾಲೀಕರ ಕಾಯಿದೆ ಒಂದಿತ್ತು: ‘ಬಹುದು ಬಹುದು ಅಂತ ಬರದ್ರ ಓದೋರಿಗೆ ನಂಬಿಕಿ ಬರಂಗಿಲ್ಲ.’ ಎರಡನ್ನೂ ತೆಗೆದೆ. ಅಚ್ಚಾದದ್ದು ಹೀಗೆ: ‘ಆ ಚಂದ್ರನ ಹಿಮದ ಕೆಳಗೆ ನವಸಾಗರವಿದ್ದು, ಅಷ್ಟು ಚಳಿಯಲ್ಲೂ ಅದು ಹೆಪ್ಪುಗಟ್ಟದೆ ಉಳಿದಿದೆ.’ ನವ ಎಂದರೆ ಹೊಸ, ಸಾಗರ ಎಂದರೆ ಸಮುದ್ರ. ನನ್ನ ಶುದ್ಧ ಕನ್ನಡಕ್ಕೆ ಇದರಲ್ಲಿ ಸಂಶಯವೇ ಬರಲಿಲ್ಲ. ದಪ್ಪ ಅಕ್ಷರದಲ್ಲಿ ತಲೆಬರಹ ಕೊಟ್ಟೆ: ‘ಶನಿಯ ಚಂದ್ರನಲ್ಲಿ ನವಸಾಗರ ಪತ್ತೆ’. ಮಾಲೀಕರು ನೋಡಿ, ‘ಇದು ಸುದ್ದಿ ಅಂದ್ರ’ ಅಂದರು.

ಬುಧವಾರ ಮಧ್ಯಾಹ್ನ ಮಾಸ್ತರರು ಬಂದರು. ಕುರ್ಚಿ ಎಳೆದು ಕೊಟ್ಟರೂ ಕೂಡಲಿಲ್ಲ. ಕೈಯಲ್ಲಿ ಪುರವಣಿಯ ಮಡಿಕೆ.

‘ಸರ, ನವಸಾಗರ ಅಂದ್ರ ನೀವು ಏನಂತ ತಿಳಕೊಂಡ್ರಿ?’

ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

‘ಅದು ಉಪ್ಪಿನಂಥಾದ್ದು ಸರ. ಬೆಳ್ಳಗ ಪುಡಿ ಇರ್ತದ. ನಮ್ಮ ಅಬ್ಬಾ ಕಲಾಯಿ ಹಾಕೂ ಮುಂದ ಕಾದ ಪಾತ್ರಿಗೆ ಉಗ್ಗತಾರ. ಬಿಳೀ ಹೊಗಿ ಬರ್ತದ, ಮೂಗು ಉರೀತದ. ಆ ಉರಿಯೂ ವಾಯುನ ಅಮೋನಿಯ. ನಮ್ಮ ಹುಡುಗರಿಗೆ ಅಮೋನಿಯ ಅಂದ್ರ ತಿಳಿಯಂಗಿಲ್ಲ. ನವಸಾಗರ ಅಂದ್ರ ಎಲ್ಲಾರ ಮನ್ಯಾಗೂ ಗೊತ್ತು. ಅದಕ್ಕ ಹಂಗ ಬರದೆ.’

ಎಲ್ಲರ ಮನೆಯಲ್ಲೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಪಾತ್ರೆಗಳಿಗೂ ವರ್ಷಾ ವರ್ಷಾ ಕಲಾಯಿ ಆಗುತ್ತಿತ್ತು. ಆದರೆ ಕಲಾಯಿಯವರ ಒಲೆಯ ಹತ್ತಿರ ನಿಲ್ಲುವುದು ಹೆಂಗಸರು. ನಾನು ಒಳಗೆ ಕೂತು ವ್ಯಾಕರಣ ಓದುತ್ತಿದ್ದೆ.

‘ಹೋಗಲಿ ಬಿಡ್ರಿ, ಯಾರು ಓದ್ಯಾರ’ ಅಂದೆ.

‘ಒಬ್ರು ಓದ್ಯಾರ್ರಿ’ ಅಂದರು ಮಾಸ್ತರರು.

ಓದಿದವರು ನಮ್ಮ ಹಳೆಯ ಪ್ರಾಧ್ಯಾಪಕರು. ಮಾಸ್ತರರ ಶಾಲೆಗೆ ಸರ್ಕಾರದ ಅನುದಾನದ ಒಂದು ವಿಜ್ಞಾನ ಹುದ್ದೆ ಮಂಜೂರಾಗಿತ್ತು. ಐದು ವರ್ಷ ಹಂಗಾಮಿ ದುಡಿದವರಿಗೇ ಅದು ಸಿಗಬೇಕಿತ್ತು. ಮುಂದಿನ ವಾರ ಆಡಳಿತ ಮಂಡಳಿಯ ಸಂದರ್ಶನ, ಅದಕ್ಕೆ ವಿಷಯತಜ್ಞರಾಗಿ ಕರೆದದ್ದು ಇದೇ ಪ್ರಾಧ್ಯಾಪಕರನ್ನು. ಅವರು ಪುರವಣಿಯ ಆ ತುಂಡನ್ನು ಕತ್ತರಿಸಿ, ಶನಿಗೆ ಹೋಗಿ ಸಮುದ್ರ ಕಂಡು ಬಂದವನು ಮಕ್ಕಳಿಗೆ ಏನು ಕಲಿಸುತ್ತಾನೆ ಎಂದು ಕೆಂಪು ಶಾಯಿಯಲ್ಲಿ ಬರೆದು ಮಂಡಳಿಯವರಿಗೆ ಕಳಿಸಿದ್ದರು. ಮಾಸ್ತರರಿಗೆ ನೇಮಕಾತಿಯ ವಯಸ್ಸು ಮುಗಿಯಲು ಕೆಲವೇ ತಿಂಗಳಿತ್ತು. ಈ ಹುದ್ದೆ ತಪ್ಪಿದರೆ ಇನ್ನೊಂದಿಲ್ಲ. ತಂದೆಯ ಸೈಕಲ್ಲೇ ಗತಿ.

‘ನನ್ನ ಹೊಗಳ್ರಿ ಅನ್ನಂಗಿಲ್ಲ ಸರ. ನಾ ಕಳಿಸಿದ ವಾಕ್ಯ ಹೆಂಗಿತ್ತು, ಹಂಗ ಹಾಕ್ರಿ. ಮೂರ ಸಾಲು.’

ನಾನು ಮಾಲೀಕರ ಕೋಣೆಗೆ ಹೋದೆ. ಅವರು ಬೆರಳಿನಿಂದ ಅಡಿಕೆ ಆರಿಸುತ್ತ ಕೇಳಿದರು. ‘ತಿದ್ದುಪಡಿ ಹಾಕಿದ್ರ, ಪೇಪರ್ ತಪ್ಪು ಮಾಡ್ತೈತಿ ಅಂತ ನಾವ ಸಾರಿದಂಗಾಗತೈತಿ. ಜಾತ್ರಿಯೊಳಗ ಸತ್ತವನ ಹೆಸರು ತಪ್ಪಾಗಿ ಬಂದಾಗ ಹಾಕಿದ್ವಿ ಏನು? ಅವನ ಹೇಣ್ತಿ ಬಂದು ಅತ್ತು ಹೋದ್ಲು. ಈಗ ಶನಿ ಬಂದು ಅಳ್ತಾನೇನು?’

ಹೊರಗೆ ಬಂದು ಮಾಸ್ತರರಿಗೆ, ‘ನೋಡೂಣು, ಜಾಗ ಇಲ್ಲ’ ಅಂದೆ. ಜಾಗವಿತ್ತು. ಆ ವಾರ ನಾವು ಒಂದು ಬಟ್ಟೆ ಅಂಗಡಿಯ ಉದ್ಘಾಟನೆಗೆ ಅರ್ಧ ಪುಟ ಕೊಟ್ಟೆವು.

ನಾನು ನಂಬಿಲ್ಲ ಎಂದುಕೊಂಡರೋ ಏನೋ, ಮಾಸ್ತರರು ಮರುದಿನ ನನ್ನನ್ನು ರಾಣೆಬೆನ್ನೂರಿನ ಹೊರಗಿನ ಒಂದು ಬರ್ಫದ, ಎಂದರೆ ಮಂಜುಗಡ್ಡೆಯ, ಕಾರ್ಖಾನೆಗೆ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ‘ಇದರಿ ಸರ, ಅದ ವಾಯು. ಯಂತ್ರ ತಂಪು ಮಾಡೂದು ಇದರಿಂದನ’ ಅಂದರು. ನೆಲದಲ್ಲಿ ಒಂದು ದೊಡ್ಡ ತೊಟ್ಟಿ, ಮೇಲೆ ಮರದ ಹಲಗೆಗಳು. ಯಂತ್ರ ನೋಡಿಕೊಳ್ಳುವವನು ಒಂದು ಹಲಗೆ ಎತ್ತಿ ತೋರಿಸಿದ. ಕೆಳಗೆ ನೀರು ಅಲುಗಾಡುತ್ತಿತ್ತು. ಅದರಲ್ಲಿ ಉದ್ದನೆಯ ತಗಡಿನ ಡಬ್ಬಿಗಳನ್ನು ಇಳಿಬಿಟ್ಟಿದ್ದರು. ಡಬ್ಬಿಯೊಳಗಿನ ನೀರು ಬರ್ಫ, ಸುತ್ತಲಿನ ನೀರು ನೀರೇ.

‘ಇದ್ಯಾಕ ಹೆಪ್ಪಗಟ್ಟಿಲ್ಲ?’ ಅಂದೆ.

‘ಉಪ್ಪು ಹಾಕೇವ್ರಿ. ಉಪ್ಪಿನ ನೀರು ಹಟಮಾರಿ, ಲಗೂ ಬರ್ಫ ಆಗಂಗಿಲ್ಲ’ ಅಂದ ಅವನು. ಒಂದು ಗಡ್ಡೆಯನ್ನು ನಿಲ್ಲಿಸಿ ತೋರಿಸಿದ. ಅಂಚು ಗಾಜಿನಂತೆ ತಿಳಿ, ನಡುವೆ ಮಾತ್ರ ಬಿಳಿ. ‘ಬರ್ಫ ಆಗೂ ನೀರು ತನ್ನೊಳಗ ಏನೂ ಇಟಗೊಳ್ಳಂಗಿಲ್ಲ ಸಾಹೇಬ್ರ. ಉಪ್ಪು, ಹೊಲಸು, ಗಾಳಿ ಎಲ್ಲಾ ನಡುವಕ್ಕ ದಬ್ಬತೈತಿ. ದೊಡ್ಡ ಮಂದಿ ಇದ್ದಂಗ. ತಾವು ತಿಳಿ ಆಗಿ ಕುಂದರ್ತಾರ, ರಾಡಿ ಎಲ್ಲಾ ಒಳಗಿನವ್ರಿಗೆ.’

ಮಾಸ್ತರರು ಅಲ್ಲಿಯೂ ಪಾಠ ಬಿಡಲಿಲ್ಲ. ಚಂದ್ರನ ಮೇಲಿನ ತೊಗಟೆ ಗಟ್ಟಿಯಾಗುತ್ತ ಹೋದಂತೆ ಉಪ್ಪನ್ನೂ ಅಮೋನಿಯವನ್ನೂ ಕೆಳಗಿನ ನೀರಿಗೆ ತಳ್ಳುತ್ತದೆ. ತಳ್ಳಿದಷ್ಟೂ ಆ ನೀರು ಹೆಪ್ಪುಗಟ್ಟಲು ಇನ್ನಷ್ಟು ಒಲ್ಲೆನೆನ್ನುತ್ತದೆ. ಬರ್ಫ ನೀರಿಗಿಂತ ಹಗುರ, ಅದಕ್ಕೇ ತೇಲಿ ಮೇಲೆ ಮುಚ್ಚಳವಾಗುತ್ತದೆ. ಮುಳುಗುವ ಜಾತಿಯದಾಗಿದ್ದರೆ ತಳದಿಂದಲೇ ತುಂಬಿಕೊಂಡು ಬರುತ್ತಿತ್ತು. ಇಷ್ಟೆಲ್ಲ ಹೇಳಿದರು. ಸಂದರ್ಶನದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವರ ಕೈಬರಹದ ಹಾಳೆಗಳು ನಮ್ಮ ಕಚೇರಿಯಲ್ಲಿ, ಅಚ್ಚಾದ ಪ್ರತಿಗಳನ್ನು ಚುಚ್ಚಿಡುವ ಕಂಬಿಯಲ್ಲಿದ್ದವು. ಸಂದರ್ಶನದ ದಿನ ಬೆಳಿಗ್ಗೆ ನಾಲ್ಕನೆಯ ಹಾಳೆಯನ್ನು ಕಂಬಿಯಿಂದ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡೆ. ಇದು ಧೈರ್ಯ ಎಂದು ಯಾರೂ ತಿಳಿಯಬಾರದು. ಜೇಬಿನಲ್ಲಿದ್ದ ಹಾಳೆ ಯಾರ ಉಪಕಾರಕ್ಕೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಶಾಲೆಯಲ್ಲಿ ನಡೆದ ಸಂದರ್ಶನಕ್ಕೆ ವರದಿಗಾರನೆಂದು ನನಗೆ ಬಾಗಿಲ ಹತ್ತಿರ ಕುರ್ಚಿ ಕೊಟ್ಟರು. ಮಂಡಳಿಯ ಅಧ್ಯಕ್ಷರು ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾವಕಾರರು. ಓದಿದ್ದು ನಾಲ್ಕನೆಯ ಇಯತ್ತೆ. ಮೆಣಸಿನಕಾಯಿಯ ತೊಟ್ಟು ಮುರಿದು ಅದು ಯಾವ ಹೊಲದ್ದೆಂದು ಹೇಳುತ್ತಿದ್ದರು. ಪಕ್ಕದಲ್ಲಿ ಪ್ರಾಧ್ಯಾಪಕರು, ಮುಂದೆ ಕೆಂಪು ಶಾಯಿಯ ತುಂಡು. ಉಳಿದ ನಾಲ್ಕು ಜನ ಸದಸ್ಯರು ಚಹಾಕ್ಕಾಗಿ ಬಂದವರು, ಚಹಾ ಬರುವವರೆಗೆ ಮಾತಾಡಲಿಲ್ಲ.

ಪ್ರಾಧ್ಯಾಪಕರು ತಲೆಬರಹವನ್ನು ಎದ್ದು ನಿಂತು ಓದಿದರು. ‘ಜಗತ್ತಿನ ವಿಜ್ಞಾನಿಗಳಿಗೆ ಸಿಗದ ಸಮುದ್ರ ನಮ್ಮ ಕಲಾಯಿ ಮಾಸ್ತರರಿಗೆ ಸಿಕ್ಕಿದೆ’ ಎಂದರು. ಸದಸ್ಯರು ನಕ್ಕರು. ಸಾವಕಾರರು ನಗಲಿಲ್ಲ, ಅವರಿಗೆ ಕಿವಿ ಸ್ವಲ್ಪ ಮಂದ.

ಮಾಸ್ತರರು ಪಾಠಕ್ಕೆಂದು ಬರ್ಫದ ಕಾರ್ಖಾನೆಯಿಂದ ಒಂದು ಬಕೆಟ್ ಬರ್ಫ ತಂದಿದ್ದರು. ಕುಟ್ಟಿ ಪುಡಿಮಾಡಿ ಉಪ್ಪು ಬೆರೆಸಿದರು. ಎರಡು ಗಾಜಿನ ನಳಿಕೆಗಳನ್ನು ಅದರಲ್ಲಿ ಇಳಿಸಿದರು. ಒಂದರಲ್ಲಿ ಬರೀ ನೀರು. ಇನ್ನೊಂದಕ್ಕೆ ಕಾಗದದ ಪೊಟ್ಟಣದಿಂದ ಬಿಳಿ ಪುಡಿ ಹಾಕಿ ಕರಗುವವರೆಗೂ ಅಲ್ಲಾಡಿಸಿದರು. ‘ಇದು ನವಸಾಗರ’ ಅಂದರು, ಅಷ್ಟೇ. ಚಹಾ ಬಂತು, ಬಿಸ್ಕಿಟು ಬಂತು. ಲೋಟ ಖಾಲಿಯಾಗುವ ಹೊತ್ತಿಗೆ ಮೊದಲ ನಳಿಕೆಯನ್ನು ತಲೆಕೆಳಗು ಮಾಡಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ. ಎರಡನೆಯದನ್ನು ಓರೆ ಮಾಡಿದರು, ನೀರು ಹರಿದು ಬಕೆಟ್ಟಿಗೆ ಬಿತ್ತು.

ಸಾವಕಾರರು ಮುಂದಕ್ಕೆ ಬಾಗಿದರು. ಮೆಣಸಿನಕಾಯಿ ಇಡಲು ತಂಪಿನ ಗೋದಾಮು ಕಟ್ಟುವ ಯೋಚನೆ ಅವರ ತಲೆಯಲ್ಲಿತ್ತು. ತಂಪಿನ ಮಾತೆಂದರೆ ಅವರ ಕಿವಿ ತೆರೆಯುತ್ತಿತ್ತು. ಅವರು ಪ್ರಾಧ್ಯಾಪಕರ ಕಡೆ ತಿರುಗಿದರು.

‘ಸರ, ನೀವು ಕಲತವ್ರು. ಈ ಪೇಪರಿನ್ಯಾಗ ನವಸಾಗರ ಅಂತ ಬರದಾರಲ್ಲ, ಹಂಗಂದ್ರ ಏನ್ರಿ?’

‘ನವ ಅಂದ್ರ ಹೊಸಾದು, ಸಾಗರ ಅಂದ್ರ ಸಮುದ್ರ. ಇನ್ನೇನು?’

‘ಹಿಂಗೋ’ ಅಂದರು ಸಾವಕಾರರು. ಬಿಸ್ಕಿಟಿನ ಪುಡಿ ಧೋತರದಿಂದ ಕೊಡವಿಕೊಂಡರು. ‘ಹಂಗಾದ್ರ ನಮ್ಮನಿ ಹಂಡೆಕ ಕಲಾಯಿ ಹಾಕೂ ಮುಂದ ಇವ್ರಪ್ಪ ದರ ವರ್ಷ ಒಂದೊಂದು ಸಮುದ್ರ ತರ್ತಿದ್ದ ಅನ್ರಿ. ಪೊಟ್ಟಣದಾಗ.’

ಪ್ರಾಧ್ಯಾಪಕರು ಮೂವತ್ತು ವರ್ಷ ಅಮೋನಿಯಂ ಕ್ಲೋರೈಡನ್ನು ಇಂಗ್ಲಿಷಿನಲ್ಲಿ ಕಲಿಸಿದವರು. ನವಸಾಗರ ಎಂಬ ಅದರ ಹೆಸರು ಅವರ ಅಡುಗೆಮನೆಯವರಿಗೆ ಗೊತ್ತಿತ್ತು, ಅವರಿಗಿರಲಿಲ್ಲ. ಮೇಜಿನ ಮೇಲೆ, ತಮ್ಮ ಲೋಟದ ಪಕ್ಕದಲ್ಲೇ, ಆ ಪೊಟ್ಟಣ ತೆರೆದುಕೊಂಡು ಬಿದ್ದಿದ್ದರೂ ಅವರು ತಲೆಬರಹವನ್ನೇ ನೋಡುತ್ತಿದ್ದರು. ಅವರ ಮುಖವನ್ನು ನಾನು ತೃಪ್ತಿಯಿಂದ ನೋಡಿದೆ. ಆ ತೃಪ್ತಿ ಹೆಚ್ಚು ಹೊತ್ತು ಉಳಿಯಲಿಲ್ಲ.

‘ಪೇಪರ್ನವರ, ನೀವ ಅಲ್ಲೇನು ಅಚ್ಚು ಹಾಕಿದವ್ರು? ನೀವೇನು ತಿಳಕೊಂಡಿದ್ರಿ?’ ಅಂದರು ಸಾವಕಾರರು.

ಮಾಸ್ತರರು ನನ್ನ ಕಡೆ ನೋಡಲಿಲ್ಲ. ಪೊಟ್ಟಣದ ಬಾಯಿ ಮಡಚುತ್ತಿದ್ದರು.

‘ಹೊಸ ಸಮುದ್ರ ಅಂತನ’ ಅಂದೆ. ಜೇಬಿನ ಹಾಳೆ ತೆಗೆದು ಆ ವಾಕ್ಯ ಓದಿದೆ. ವಾಯುವನ್ನು, ಅಮೋನಿಯವನ್ನು, ಎರಡೂ ‘ಬಹುದು’ಗಳನ್ನು ಓದಿದೆ. ಹೊಡೆದು ಹಾಕಿದ ಗೆರೆಗಳು ನನ್ನವೇ ಎಂದೂ ಹೇಳಿದೆ. ಕೇಳಿದ ಮೇಲೆ ಹೇಳಿದ ಸತ್ಯಕ್ಕೆ ಎಷ್ಟು ಬೆಲೆಯೋ ಅಷ್ಟೇ ಅದರ ಬೆಲೆ.

ಹುದ್ದೆ ಮಾಸ್ತರರಿಗೆ ಆಯಿತು. ಆದರೆ ವಿಷಯತಜ್ಞರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಅವರ ಮಾನಕ್ಕಾಗಿ ಠರಾವಿನಲ್ಲಿ ಒಂದು ಸಾಲು ಸೇರಿಸಿದರು: ಸದರಿ ಶಿಕ್ಷಕರು ಇನ್ನು ಮುಂದೆ ಪತ್ರಿಕೆಗಳಿಗೆ ಬರೆಯತಕ್ಕದ್ದಲ್ಲ. ತಪ್ಪು ಬರೆದ ನನ್ನ ಪೆನ್ನು ನನ್ನ ಜೇಬಿನಲ್ಲೇ ಇತ್ತು. ಮಾಸ್ತರರು ಠರಾವಿಗೆ ಸಹಿ ಮಾಡಿ, ಬಕೆಟ್ ಎತ್ತಿಕೊಂಡು, ಬ್ಯಾಡಗಿ ಬಸ್ಸಿನ ಹೊತ್ತಾಯಿತೆಂದು ಹೊರಟರು. ಬಾಗಿಲಲ್ಲಿ ನನಗೆ, ‘ಆ ಹಾಳಿ ನಿಮ್ಮ ಕಡೇನ ಇರಲಿ ಸರ’ ಅಂದರು. ಕ್ಷಮೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಅಂಕಣ ಮತ್ತೆ ಪ್ರಾಧ್ಯಾಪಕರ ಪಾಲಾಯಿತು. ಮುಂದಿನ ಮಳೆಗಾಲ ಕಾಮನಬಿಲ್ಲು ಮೂರನೆಯ ಸಲ ಮೂಡಿತು.

ಎಂಟು ವರ್ಷ ಕಳೆಯಿತು. ಹಾವೇರಿ ಜಿಲ್ಲೆಯಾಯಿತು, ನಮ್ಮ ಪತ್ರಿಕೆಗೆ ಕಂಪ್ಯೂಟರ್ ಬಂತು, ಪುರವಣಿಯ ಹೊಣೆ ನನಗೆ ಬಂತು. ಆ ವರ್ಷ ಗುರುಗ್ರಹದ ಒಂದು ಚಂದ್ರನ ಚಿತ್ರಗಳು ಬಂದವು. ಒಡೆದು, ಸರಿದು, ಮತ್ತೆ ಕೂಡಿಕೊಂಡ ಹಿಮದ ಹಲಗೆಗಳು. ಅದರ ಕೆಳಗೆ ಸಮುದ್ರ ಇರಬಹುದು ಎಂದು ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿದರು. ಇರಬಹುದು ಎಂದೇ ಹೇಳಿದರು.

ಪ್ರಾಧ್ಯಾಪಕರ ಅಂಕಣ ಎರಡು ದಿನ ಮೊದಲೇ ಬಂತು. ಅದರ ಮೊದಲ ಸಾಲು: ‘ಹಿಮದಡಿಯ ಈ ನವಸಾಗರದ ಬಗ್ಗೆ ಇದೇ ಅಂಕಣದಲ್ಲಿ ಎಂಟು ವರ್ಷಗಳ ಹಿಂದೆಯೇ ಹೇಳಲಾಗಿತ್ತು.’ ಯಾರು ಹೇಳಿದ್ದು ಎಂದು ಬರೆದಿರಲಿಲ್ಲ. ಮಾಲೀಕರಿಗೆ ತೋರಿಸಿದೆ. ಅವರಿಗೆ ಸಂತೋಷವಾಯಿತು. ‘ನಾವು ಮೊದಲ ಹೇಳಿದ್ವಿ ಅಂತ ಮುಖಪುಟಕ್ಕ ಹಾಕ್ರಿ.’

‘ಅದು ಶನಿ ಚಂದ್ರನ ಮಾತ್ರಿ. ಇದು ಗುರುವಿಂದು.’

‘ಶನಿ ಆದ್ರೇನು, ಗುರು ಆದ್ರೇನು, ಎರಡೂ ವಾರನ ಅಲ್ಲೇನು? ಹಾಕ್ರಿ.’

ಹಾಕಿದೆ. ಅಂಕಣದ ಕೊನೆಯಲ್ಲಿ ಮಾತ್ರ, ಅವರಿಗೆ ತೋರಿಸದೆ, ಒಂದು ಚೌಕಟ್ಟು ಮಾಡಿ ಮಾಸ್ತರರ ವಾಕ್ಯವನ್ನು ಅಕ್ಷರ ಬಿಡದೆ ಹಾಕಿದೆ. ಠರಾವು ಇತ್ತಲ್ಲ, ಹೆಸರು ಹಾಕಲಿಲ್ಲ. ಮೂರು ಸಾಲು. ಎಂಟು ವರ್ಷದ ಹಿಂದೆ ಇಲ್ಲದ ಜಾಗ ಈಗ ಸುಲಭವಾಗಿ ಸಿಕ್ಕಿತು. ಭಾನುವಾರ ಮನೆಯಲ್ಲಿ ಅದನ್ನು ಎರಡು ಸಲ ಓದಿದೆ, ಸಾಲ ತೀರಿಸಿದವನ ಹಾಗೆ ಊಟ ಮಾಡಿದೆ.

ಗುರುವಾರ ಬ್ಯಾಡಗಿಯಿಂದ ಒಂದು ಕಾರ್ಡು ಬಂತು. ಅದೇ ದುಂಡು ಅಕ್ಷರ.

‘ಮಾನ್ಯರೇ, ವಾಕ್ಯ ಸರಿಯಾಗಿ ಬಂದಿದೆ. ಆದರೆ ಅದು ಶನಿಯ ಚಂದ್ರನ ಬಗ್ಗೆ ಬರೆದದ್ದು. ತಾವು ಗುರುವಿನ ಚಂದ್ರನ ಕೆಳಗೆ ಹಾಕಿದ್ದೀರಿ. ಅಲ್ಲಿಯ ನೀರು ಹೆಪ್ಪುಗಟ್ಟದಿರಲು ಬೇರೆ ಕಾರಣಗಳು ಇರಬಹುದು.’

‘ಇರಬಹುದು’ ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಕಾರ್ಡನ್ನು ಮಾಲೀಕರಿಗೆ ತೋರಿಸಲಿಲ್ಲ. ತಿದ್ದುಪಡಿಯನ್ನೇ ಹಾಕದ ಪತ್ರಿಕೆಯಲ್ಲಿ, ತಿದ್ದುಪಡಿಯ ತಿದ್ದುಪಡಿಗೆ ಯಾವ ಪುಟವೂ ಇರಲಿಲ್ಲ. ಅದನ್ನು ನಾಲ್ಕನೆಯ ಹಾಳೆಯ ಜೊತೆ ಇಟ್ಟೆ.